ಬಿಗಿದ ಸಂದಿನ ತುಕ್ಕು

1930ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನಿಂದ ಹೊಸ ಕಾರುಗಳು ರೈಲಿನಲ್ಲಿ ದೂರದೂರದ ಊರುಗಳಿಗೆ ಹೋಗುತ್ತಿದ್ದವು. ಅವು ರಸ್ತೆಯ ಮೇಲೆ ಇನ್ನೂ ಓಡಾಡಿರದ ಕಾರುಗಳು. ವ್ಯಾಗನ್ ಮೇಲೆ ಉರುಳದಂತೆ ಬಿಗಿದು ನಿಲ್ಲಿಸಿದವು. ಆದರೂ ಇಳಿಸಿ ಓಡಿಸಿದಾಗ ಕೆಲವು ಕಾರುಗಳ ಚಕ್ರದ ಬೇರಿಂಗ್ ಗರಗರ ಎನ್ನುತ್ತಿತ್ತು. ಬಿಚ್ಚಿ ನೋಡಿದರೆ ಉಕ್ಕಿನ ಬಳೆಯ ಒಳಮೈಯಲ್ಲಿ ಸಾಲಾಗಿ ಸಣ್ಣ ಕುಳಿಗಳು. ಬೇರಿಂಗ್ ಗುಂಡುಗಳು ಎಷ್ಟೆಷ್ಟು ದೂರಕ್ಕೆ ಕೂತಿದ್ದವೋ ಅಷ್ಟಷ್ಟೇ ದೂರಕ್ಕೆ ಒಂದೊಂದು ಕುಳಿ. ಚಳಿಗಾಲದಲ್ಲಿ ಸಾಗಿಸಿದ ಕಾರುಗಳಲ್ಲಿ ಈ ಕಾಟ ಇನ್ನೂ ಹೆಚ್ಚು.

ಭಾರಕ್ಕೆ ಗುಂಡು ಒತ್ತಿ ತಗ್ಗು ಬಿದ್ದಿದೆ ಎಂದೇ ಯಾರಿಗಾದರೂ ಮೊದಲು ಅನ್ನಿಸುತ್ತದೆ. ಹಾಗೆ ಒತ್ತಿ ಬಿದ್ದ ತಗ್ಗಾಗಿದ್ದರೆ ಅದರ ತಳದಲ್ಲಿ ಕಾರ್ಖಾನೆಯ ಸಾಣೆಯ ಗೀರುಗಳು ಹಾಗೆಯೇ ಉಳಿದಿರುತ್ತವೆ, ಯಾಕೆಂದರೆ ಲೋಹ ಬರೀ ಕುಸಿದಿರುತ್ತದೆ. ಈ ಬಗೆಯ ಕುಳಿಯಲ್ಲಿ ಗೀರುಗಳೇ ಇರುವುದಿಲ್ಲ. ಲೋಹ ಸವೆದು ಹೋಗಿರುತ್ತದೆ, ಅಂಚಿನಲ್ಲಿ ಕೆಂಗಂದು ಪುಡಿ ಕೂತಿರುತ್ತದೆ. ಜನರಲ್ ಮೋಟರ್ಸ್‌ನ ಸಂಶೋಧಕ ಜೆ. ಓ. ಆಲ್ಮನ್ 1937ರಲ್ಲಿ ಇದು ಒತ್ತಿನ ಗುರುತಲ್ಲ, ಸವೆತ ಎಂದು ವಿವರಿಸಿದರು. ರೈಲಿನ ಅದುರಾಟಕ್ಕೆ ಗುಂಡುಗಳು ನಿಂತಲ್ಲೇ ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟೂ ಇಲ್ಲದ ದೂರ ಮಿಸುಕಿದ್ದವು, ಲಕ್ಷಾಂತರ ಸಲ. ಚಕ್ರ ಉರುಳಿದ್ದರೆ ಗ್ರೀಸ್ ಮತ್ತೆ ಮತ್ತೆ ಹರಡಿಕೊಳ್ಳುತ್ತಿತ್ತು. ಉರುಳದ್ದರಿಂದ ಗುಂಡಿನ ಅಡಿಯಿಂದ ಪಕ್ಕಕ್ಕೆ ಸರಿದ ಗ್ರೀಸ್ ಹಿಂದಿರುಗಲೇ ಇಲ್ಲ. ಚಳಿಗೆ ಗಟ್ಟಿಯಾದ ಗ್ರೀಸ್ ಅಂತೂ ಇನ್ನೂ ಹಟಮಾರಿ.

ಎರಡು ಲೋಹದ ಮೈಗಳು ಒಂದಕ್ಕೊಂದು ಒತ್ತಿಕೊಂಡಿದ್ದು, ಅವುಗಳ ನಡುವೆ ಕಣ್ಣಿಗೆ ಕಾಣದಷ್ಟು ಮಿಸುಕಾಟ ನಡೆಯುತ್ತಲೇ ಇದ್ದರೆ ಹುಟ್ಟುವ ಈ ಬಗೆಯ ತುಕ್ಕಿಗೆ ಎಂಜಿನಿಯರುಗಳು ಫ್ರೆಟಿಂಗ್ ಕರೋಷನ್ ಎನ್ನುತ್ತಾರೆ. ಮಿಸುಕಾಟ ಎಂದರೆ ಸಾಮಾನ್ಯವಾಗಿ 1ರಿಂದ 100 ಮೈಕ್ರೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. ಇದನ್ನು ಮೊದಲು ಬರಹಕ್ಕಿಳಿಸಿದವರು ಇಂಗ್ಲೆಂಡಿನ ಈಡನ್, ರೋಸ್ ಮತ್ತು ಕನ್ನಿಂಗ್‌ಹ್ಯಾಮ್. 1911ರಲ್ಲಿ ಉಕ್ಕಿನ ಸರಳುಗಳು ಎಷ್ಟು ಸಲ ಬಳುಕಿಸಿದರೆ ಮುರಿಯುತ್ತವೆ ಎಂದು ಪರೀಕ್ಷಿಸುತ್ತಿದ್ದಾಗ, ಯಂತ್ರ ಸರಳನ್ನು ಕಚ್ಚಿ ಹಿಡಿದಿದ್ದ ಜಾಗದಲ್ಲೇ ತುಕ್ಕು ಕಂಡಿತು. ಮುಂದೆ ಟೆಡಿಂಗ್‌ಟನ್‌ನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಜಿ. ಎ. ಟಾಮ್ಲಿನ್‌ಸನ್ 1927ರಲ್ಲಿ ಬೇಕೆಂದೇ ಅಂಥ ಮಿಸುಕಾಟವನ್ನು ಉಂಟುಮಾಡಿ, ಒತ್ತಡ ಏರಿಳಿದರೆ ಸಾಲದು, ಮೈಗಳು ಜಾರಲೇಬೇಕು, ಆಗಲೇ ತುಕ್ಕು ಎಂದು ತೋರಿಸಿದರು. ಜಾರುವ ದೂರ ಎಷ್ಟು ಚಿಕ್ಕದಾದರೂ ಸರಿ.

ಬಿಗಿದು ಕೂರಿಸಿದ್ದು ಜಾರುವುದಾದರೂ ಹೇಗೆ? ಇಟಲಿಯ ಕಟ್ಟಾನಿಯೋ 1938ರಲ್ಲಿ, ಅಮೆರಿಕದ ಮಿಂಡ್ಲಿನ್ 1949ರಲ್ಲಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಅವಲಂಬಿಸದೆ, ಇದರ ಲೆಕ್ಕ ಹಾಕಿದರು. ಗುಂಡೊಂದನ್ನು ಸಮತಟ್ಟಾದ ಮೈಗೆ ಒತ್ತಿ ಹಿಡಿದು ಪಕ್ಕಕ್ಕೆ ಮೆಲ್ಲಗೆ ತಳ್ಳಿ. ಗುಂಡು ಜರುಗುವುದಿಲ್ಲ. ಆದರೆ ಒತ್ತಡ ಕಡಿಮೆ ಇರುವ ಅಂಚಿನ ಉಂಗುರದಷ್ಟು ಜಾಗ ಮಾತ್ರ ಜಾರಿರುತ್ತದೆ. ನಡುಭಾಗ ಕಚ್ಚಿಕೊಂಡೇ ಇರುತ್ತದೆ. ಫ್ರೆಟಿಂಗ್ ಆದ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಈ ಚಿತ್ರ ಚೆನ್ನಾಗಿ ಗೊತ್ತು: ನಡುವೆ ಹೊಳೆಯುವ ಬಿಲ್ಲೆ, ಸುತ್ತ ಕಂದು ಪುಡಿ ಮೆತ್ತಿದ ಬಳೆ. ‘ಕೂತಿದೆ’ ಎಂದು ನಾವು ನಂಬಿದ್ದ ಜೋಡಣೆ ನಡುವೆ ಕೂತಿತ್ತು, ಅಂಚಿನಲ್ಲಿ ಇರಲಿಲ್ಲ.

ಆ ಪುಡಿಯ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕ್ರೋಮಿಯಂ, ಟೈಟಾನಿಯಂ, ಅಲ್ಯುಮಿನಿಯಂ, ತವರ ಎಲ್ಲವೂ ಗಾಳಿಗೆ ಬಿದ್ದ ಕೂಡಲೇ ಮೈಮೇಲೆ ಆಕ್ಸೈಡಿನ ಪೊರೆಯೊಂದನ್ನು ಬೆಳೆಸಿಕೊಳ್ಳುತ್ತವೆ. ಅದರ ದಪ್ಪ ಕೆಲವೇ ನ್ಯಾನೋಮೀಟರ್. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಉಳಿಯುವುದು, ಟೈಟಾನಿಯಂ ದೇಹದೊಳಗೆ ಬಾಳುವುದು ಈ ಪೊರೆಯ ದೆಸೆಯಿಂದಲೇ. ಮಿಸುಕಾಟ ಪೊರೆಯನ್ನು ಕೆರೆದು ಹಾಕುತ್ತದೆ. ಬೆತ್ತಲೆಯಾದ ಲೋಹ ಕ್ಷಣಾರ್ಧದಲ್ಲಿ ಹೊಸ ಪೊರೆ ಕಟ್ಟುತ್ತದೆ. ಮುಂದಿನ ಮಿಸುಕಾಟ ಅದನ್ನೂ ಕೆರೆಯುತ್ತದೆ. ಒಂದು ಸಲದ ನಷ್ಟ ಅತ್ಯಲ್ಪ; ಕೋಟಿ ಸಲ ಆದಾಗ ನಷ್ಟ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಸವೆತದಲ್ಲಿ ಪುಡಿ ಹೊರಗೆ ಬೀಳುತ್ತದೆ. ಇಲ್ಲಿ ಮೈಗಳು ಎಂದೂ ಬೇರೆಯಾಗದ ಕಾರಣ ಪುಡಿಗೆ ಹೊರದಾರಿ ಸಿಗುವುದಿಲ್ಲ, ಸಿಕ್ಕಿಕೊಂಡಲ್ಲೇ ಅರೆಯುತ್ತಿರುತ್ತದೆ. ಲೋಹವನ್ನು ಕಾಯುವ ಗುಣವೇ, ತಾನೇ ಪೊರೆ ಕಟ್ಟಿಕೊಳ್ಳುವ ಆ ಗುಣವೇ, ಇಲ್ಲಿ ಲೋಹವನ್ನು ತಿನ್ನುವ ಯಂತ್ರವಾಗುತ್ತದೆ. ಈ ಅಧ್ಯಾಯದಲ್ಲಿ ನನಗೆ ಮುಖ್ಯವೆನಿಸುವ ಸಂಗತಿ ಇದು. ವಿದ್ಯುತ್ ಸಂಪರ್ಕದಲ್ಲಿ ಸಂದಿನಲ್ಲಿ ಉಳಿದುಕೊಂಡ ಆಕ್ಸೈಡು ಕಾಡುತ್ತದೆ. ದೇಹದಲ್ಲಿ ಕೂರಿಸಿದ ಕೃತಕ ಕೀಲಿನ ಸಂದಿನಿಂದ ಕರಗಿ ಹೊರಟ ಲೋಹ ಕಾಡುತ್ತದೆ. ಮೂಲ ಒಂದೇ.

ಬೆಂಗಳೂರಿನ ಯಲಹಂಕದಲ್ಲಿ ರೈಲ್ವೆಯ ಗಾಲಿ ಕಾರ್ಖಾನೆ ಇದೆ. ಅಲ್ಲಿ ಗಾಲಿಗಳನ್ನು ಅಚ್ಚಿನ ಮೇಲೆ ಒತ್ತಿ ಕೂರಿಸುತ್ತಾರೆ. ಬೋಲ್ಟೂ ಇಲ್ಲ, ಬೆಸುಗೆಯೂ ಇಲ್ಲ, ಬರೀ ಬಿಗಿತ. ಅಚ್ಚು ತಿರುಗುವಾಗ ಪ್ರತಿ ಸುತ್ತಿಗೂ ಒಂದಿಷ್ಟು ಬಳುಕುವುದರಿಂದ ಆ ಬಿಗಿತದ ಅಂಚಿನಲ್ಲಿಯೂ ಇದೇ ಮಿಸುಕಾಟ ಇದೆ, ಬಿರುಕು ಹುಟ್ಟುವ ಜಾಗವೂ ಅದೇ. ಗಾಲಿ ಕೂರುವ ಕಡೆ ಅಚ್ಚನ್ನು ಉಳಿದ ಭಾಗಕ್ಕಿಂತ ದಪ್ಪ ಇಡುವುದಕ್ಕೆ ಇದೊಂದು ಕಾರಣ. ರೈಲ್ವೆಯವರು ಈ ಪಾಠವನ್ನು ಹತ್ತೊಂಬತ್ತನೆಯ ಶತಮಾನದಿಂದಲೇ ಕಲಿಯುತ್ತ ಬಂದಿದ್ದಾರೆ. ಎಲೆಕ್ಟ್ರಾನಿಕ್ಸ್‌ನವರೂ ಮೂಳೆ ವೈದ್ಯರೂ ತಡವಾಗಿ ಕಲಿತರು.

ಕಂಪ್ಯೂಟರ್ ಆಗಾಗ ತಾನಾಗಿಯೇ ನಿಂತುಹೋಗುತ್ತದೆ, ಪರದೆ ನೀಲಿಯಾಗುತ್ತದೆ ಎಂದು ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿಯ ಹುಡುಗರು ಮೊದಲು ಮಾಡುವ ಕೆಲಸ ರ‍್ಯಾಮ್ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಮತ್ತೆ ಹಾಕುವುದು. ಹಲವು ಸಲ ಅಷ್ಟಕ್ಕೇ ಸರಿಹೋಗುತ್ತದೆ. ‘ಲೂಸ್ ಕಾಂಟ್ಯಾಕ್ಟ್ ಇತ್ತು ಸಾರ್’ ಎನ್ನುತ್ತಾರೆ. ಸಂಪರ್ಕ ಸಡಿಲವಾಗಿರಬೇಕೆಂದೇನೂ ಇಲ್ಲ. ಬಿಗಿಯಾಗಿಯೇ ಇದ್ದು, ನಡುವೆ ಆಕ್ಸೈಡ್ ತುಂಬಿಕೊಂಡಿದ್ದರೂ ಹೀಗಾಗುತ್ತದೆ.

ಪ್ಲಗ್ಗಿನ ಪಿನ್ನುಗಳಿಗೆ ತವರ ಲೇಪಿಸುವುದು ಅಗ್ಗ. ತವರ ಮೆತು ಲೋಹ, ಅದರ ಆಕ್ಸೈಡ್ ಗಟ್ಟಿ ಮತ್ತು ಪೆಡಸು. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳದಲ್ಲಿ ಮೇಲೆ ಒಣಗಿದ ಹೆಪ್ಪು, ಕೆಳಗೆ ಹಸಿ ಕೆಸರು ಇರುತ್ತದಲ್ಲ, ಕಾಲಿಟ್ಟರೆ ಹೆಪ್ಪು ಬಿರಿದು ಕೆಸರು ಮೇಲೆ ಉಕ್ಕುತ್ತದೆ. ಪಿನ್ನನ್ನು ಸಾಕೆಟ್ಟಿಗೆ ತುರುಕಿದಾಗ ತವರದಲ್ಲೂ ಹಾಗೆಯೇ ಆಕ್ಸೈಡ್ ಒಡೆದು, ಬಿರುಕುಗಳೊಳಗಿಂದ ಶುದ್ಧ ತವರ ಉಕ್ಕಿ ಎದುರಿನ ತವರವನ್ನು ಮುಟ್ಟುತ್ತದೆ. ಕರೆಂಟು ಹರಿಯುವುದು ಈ ಪುಟ್ಟ ಚುಕ್ಕೆಗಳ ಮೂಲಕವೇ. ಮುಟ್ಟಿದಂತೆ ಕಾಣುವ ಜಾಗವೆಲ್ಲ ಮುಟ್ಟಿರುವುದಿಲ್ಲ ಎಂಬುದನ್ನು ವಿದ್ಯುತ್ ಸಂಪರ್ಕಗಳ ವಿಜ್ಞಾನಕ್ಕೆ ತಳಹದಿ ಹಾಕಿದ ರಾಗ್ನರ್ ಹೋಮ್ ಬಹಳ ಹಿಂದೆಯೇ ಮನಗಾಣಿಸಿದ್ದರು. ಪಿನ್ನು ಕದಲದೆ ಇದ್ದರೆ ಆ ಚುಕ್ಕೆಗಳಿಗೆ ಗಾಳಿ ತಾಗದು, ವರ್ಷಗಟ್ಟಲೆ ಅವು ಚೊಕ್ಕಟವಾಗಿಯೇ ಇರುತ್ತವೆ.

ಆದರೆ ಪಿನ್ನು ಕದಲುತ್ತದೆ. ಹತ್ತು ಮಿಲಿಮೀಟರ್ ಉದ್ದದ ತಾಮ್ರದ ತುಂಡು ನಲವತ್ತು ಡಿಗ್ರಿ ಬಿಸಿಯಾದರೆ ಸುಮಾರು 7 ಮೈಕ್ರೋಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಅದಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಕಂಪ್ಯೂಟರನ್ನು ಬೆಳಿಗ್ಗೆ ಹಚ್ಚಿ ಸಂಜೆ ಆರಿಸಿದಾಗಲೆಲ್ಲ, ಕಾರಿನ ಎಂಜಿನ್ ಕಾದು ತಣ್ಣಗಾದಾಗಲೆಲ್ಲ, ಪಿನ್ನು ತನ್ನ ಚುಕ್ಕೆಗಳಿಂದ ಆಚೀಚೆ ಸರಿಯುತ್ತದೆ. ಸರಿದಾಗ ಶುದ್ಧ ತವರ ಗಾಳಿಗೆ ತೆರೆದುಕೊಂಡು ಆಕ್ಸೈಡಾಗುತ್ತದೆ. ಹಿಂದಿರುಗಿದಾಗ ಆ ಆಕ್ಸೈಡು ಒಡೆದು ಲೋಹದೊಳಕ್ಕೆ ಹೂತುಕೊಳ್ಳುತ್ತದೆ. ಸುತ್ತಿನ ಮೇಲೆ ಸುತ್ತು ಹೀಗಾಗಿ ಕೊನೆಗೆ ಎರಡು ಪಿನ್ನುಗಳ ನಡುವೆ ಲೋಹಕ್ಕಿಂತ ಆಕ್ಸೈಡಿನ ಚೂರೇ ಹೆಚ್ಚಾಗುತ್ತದೆ. ಮಿಲಿ ಓಮ್‌ಗಳಲ್ಲಿದ್ದ ರೋಧ ಓಮ್‌ಗಳಿಗೆ ಏರುತ್ತದೆ. ಏರುವ ರೀತಿಯೂ ನೆಟ್ಟಗಲ್ಲ. ಒಂದು ಕ್ಷಣ ಸಂಪರ್ಕ ಕಡಿದಂತಾಗಿ ಮರುಕ್ಷಣ ಚೂರು ಸರಿದು ಸರಿಹೋಗುತ್ತದೆ. ಸಾವಿರದಲ್ಲೊಂದು ಸೆಕೆಂಡಿನ ಆ ಕಡಿತ ಬಲ್ಬಿಗೆ ಗೊತ್ತೂ ಆಗದು, ಕಂಪ್ಯೂಟರಿನ ನೆನಪಿನಲ್ಲಿ ಮಾತ್ರ ಒಂದು ಅಂಕಿ ತಪ್ಪುತ್ತದೆ.

ರಿಪೇರಿಯವರನ್ನು ಇದು ಕಾಡುವ ಬಗೆಯೇ ಬೇರೆ. ದೋಷ ಹುಡುಕಲು ಪ್ಲಗ್ ಕಿತ್ತ ಕೂಡಲೇ, ಪಿನ್ನು ಸಾಕೆಟ್ಟಿನ ಉದ್ದಕ್ಕೂ ಉಜ್ಜಿಕೊಂಡು ಬಂದು, ತುಂಬಿದ್ದ ಚೂರು ಉದುರಿಹೋಗುತ್ತದೆ. ಮತ್ತೆ ಸಿಕ್ಕಿಸಿದರೆ ಎಲ್ಲ ಸರಿ. ಪರೀಕ್ಷೆಯೇ ಸಾಕ್ಷಿಯನ್ನು ಅಳಿಸಿರುತ್ತದೆ. ‘ಯಾವ ದೋಷವೂ ಕಂಡುಬಂದಿಲ್ಲ’ ಎಂದು ಬರೆದು ಕಳಿಸಿದ ಯಂತ್ರ ಕೆಲವು ತಿಂಗಳಲ್ಲಿ ಅದೇ ದೂರಿನೊಂದಿಗೆ ವಾಪಸು ಬರುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್ಕುಗಳು ಎಷ್ಟೋ ಸಲ ಇದಕ್ಕಾಗಿ ಬೈಸಿಕೊಂಡಿರುತ್ತಾರೆ. ಅವರ ಮೇಲೆ ಹೊರಿಸುವ ತಪ್ಪಲ್ಲ ಇದು.

1970ರ ದಶಕದಲ್ಲಿ ಕನೆಕ್ಟರ್ ತಯಾರಕ ಎಎಂಪಿ ಕಂಪನಿಯ ವಿಟ್ಲಿ ಮತ್ತು ಬಾಕ್ ಈ ಕೆಡುಕನ್ನು ಅಳೆದು ತೋರಿಸಿದ ಮೇಲೆ ಉದ್ಯಮ ಎಚ್ಚೆತ್ತಿತು. ತವರದ ಪಿನ್ನುಗಳನ್ನು ಕಡಿಮೆಯೆಂದರೂ ಒಂದು ನ್ಯೂಟನ್ ಬಲದಿಂದ, ಅಂದರೆ ನೂರು ಗ್ರಾಂ ತೂಕದಷ್ಟು ಒತ್ತಿ ಹಿಡಿಯಬೇಕು. ಆಗ ಪಿನ್ನು ಜಾರುವ ಬದಲು ಸ್ಪ್ರಿಂಗಿನೊಂದಿಗೇ ಬಾಗುತ್ತದೆ. ತೆಳ್ಳಗೆ ಎಣ್ಣೆ ಸವರಿದರೆ ಗಾಳಿ ಒಳಬರದು. ಜೋಪಾನವಾಗಿರಬೇಕಾದ ಕಡೆ ನಿಕ್ಕಲ್ ಮೇಲೆ ಚಿನ್ನ ಲೇಪಿಸಬೇಕು, ಅದೂ ಎರಡೂ ಬದಿಗೆ. ಈ ಕೊನೆಯ ಮಾತನ್ನು 1990ರ ದಶಕದ ಕಂಪ್ಯೂಟರು ತಯಾರಕರಲ್ಲಿ ಹಲವರು ಕಿವಿಗೆ ಹಾಕಿಕೊಳ್ಳಲಿಲ್ಲ. ತವರದ ಸಾಕೆಟ್ಟಿಗೆ ಚಿನ್ನದ ಹಲ್ಲಿನ ರ‍್ಯಾಮ್ ಹಾಕಿದರೆ ತವರದ ಕಣಗಳು ಚಿನ್ನಕ್ಕೆ ಅಂಟಿ, ಅಲ್ಲಿ ಆಕ್ಸೈಡಾಗುತ್ತವೆ. ತವರದ ಮೇಲಿನ ಆಕ್ಸೈಡು ಕೆಳಗಿನ ಮೆತುವಿನಿಂದಾಗಿ ಸುಲಭವಾಗಿ ಒಡೆಯುತ್ತದೆ. ಗಟ್ಟಿ ತಳದ ಮೇಲೆ ಕೂತದ್ದು ಅಷ್ಟು ಸುಲಭವಾಗಿ ಒಡೆಯದು. ದುಬಾರಿ ಚಿನ್ನ ಒಂದೇ ಬದಿಗಿದ್ದರೆ ತವರ-ತವರದ ಜೋಡಿಗಿಂತ ಕೆಟ್ಟದು ಎಂಬುದು ಅನುಭವದಿಂದ ಬಂದ ತಿಳಿವಳಿಕೆ. ಎಸ್.ಪಿ. ರಸ್ತೆಯ ರಬ್ಬರಿನ ಬಗ್ಗೆಯೂ ಒಂದು ಮಾತು: ಆ ಚಿನ್ನದ ಲೇಪ ಒಂದು ಮೈಕ್ರೋಮೀಟರಿಗಿಂತ ತೆಳು. ಉಜ್ಜಿದಷ್ಟೂ ಚಿನ್ನ ಹೋಗಿ ನಿಕ್ಕಲ್ ಎದ್ದು ಬರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒದ್ದೆಮಾಡಿದ ಬಟ್ಟೆಯಿಂದ ಒರೆಸಿ, ಎರಡು ಮೂರು ಸಲ ಹಾಕಿ ತೆಗೆದರೆ ಸಾಕು.

ಈಗ ದೇಹದೊಳಗಿನ ಕತೆ. ಇದನ್ನು ಹೇಳಲೆಂದೇ ಇಷ್ಟು ದೂರ ಬಂದೆ.

1962ರಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಇಂದಿನ ಸೊಂಟದ ಕೃತಕ ಕೀಲಿಗೆ ದಾರಿ ಮಾಡಿದಾಗ, ತೊಡೆಮೂಳೆಯೊಳಗೆ ಇಳಿಯುವ ಕಾಂಡ ಮತ್ತು ಅದರ ತುದಿಯ ಗುಂಡು ಒಂದೇ ಲೋಹದ ತುಂಡಾಗಿದ್ದವು. ಗುಂಡಿನ ವ್ಯಾಸ 22 ಮಿಲಿಮೀಟರಿನಷ್ಟು. ಆಮೇಲಿನ ವಿನ್ಯಾಸಗಾರರು ಇವನ್ನು ಎರಡು ಮಾಡಿದರು. ಅದಕ್ಕೆ ಒಳ್ಳೆಯ ಕಾರಣಗಳೇ ಇದ್ದವು. ಕಾಂಡವನ್ನು ಮೂಳೆಗೆ ಕೂರಿಸಿದ ಮೇಲೆ ಕಾಲಿನ ಉದ್ದ ನೋಡಿಕೊಂಡು ಗುಂಡು ಆರಿಸಬಹುದು. ಕಾಂಡಕ್ಕೆ ಹಗುರವಾದ ಟೈಟಾನಿಯಂ, ಗುಂಡಿಗೆ ಸವೆಯದ ಕೋಬಾಲ್ಟ್-ಕ್ರೋಮಿಯಂ ಎಂದು ಲೋಹ ಬೇರೆಮಾಡಬಹುದು. ಜೋಡಿಸಲು ಆರಿಸಿಕೊಂಡದ್ದು ಲೇತ್ ಕೆಲಸದವರಿಗೆಲ್ಲ ಗೊತ್ತಿರುವ ಮೋರ್ಸ್ ಟೇಪರ್. ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಯಾವುದೇ ಶೆಡ್ಡಿನಲ್ಲಿ ಡ್ರಿಲ್ ಚಕ್ಕನ್ನು ಯಂತ್ರಕ್ಕೆ ಕೂರಿಸುವುದು ಇದೇ ಬಗೆಯ ಚೂಪಾಗುತ್ತ ಹೋಗುವ ಶಂಕುವಿನಿಂದ; ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ರೂಪಿಸಿದ್ದು. ಸ್ಕ್ರೂ ಬೇಡ, ಪಿನ್ನು ಬೇಡ, ಒಂದು ಪೆಟ್ಟು ಕೊಟ್ಟರೆ ಘರ್ಷಣೆಯೇ ಹಿಡಿದಿರುತ್ತದೆ. ಕೀಲಿನಲ್ಲಿ ಈ ಶಂಕು ಹೆಬ್ಬೆರಳ ತುದಿಯಷ್ಟೇ: ಬಹಳ ಬಳಕೆಯಲ್ಲಿರುವುದು 12/14 ಎಂಬ ಅಳತೆ, ಅಂದರೆ ಒಂದು ತುದಿ 12, ಇನ್ನೊಂದು 14 ಮಿಲಿಮೀಟರ್. ಹೆಸರು ಒಂದೇ ಆದರೂ ಒಬ್ಬೊಬ್ಬ ತಯಾರಕರ ಕೋನ ಮತ್ತು ಮೈಯ ನಯ ಒಂದೊಂದು ಬಗೆ.

ಆಪರೇಷನ್ ಕೋಣೆಯಲ್ಲಿ ಈ ಜೋಡಣೆಗೆ ಹಿಡಿಯುವುದು ಒಂದೆರಡು ನಿಮಿಷ. ಶಂಕುವಿನ ಮೇಲಿನ ರಕ್ತ, ಕೊಬ್ಬು, ಮೂಳೆಯ ಹರಳು ಎಲ್ಲವನ್ನೂ ತೊಳೆದು, ಒಣಬಟ್ಟೆಯಿಂದ ಒರೆಸಿ, ಗುಂಡನ್ನು ತಿರುಚಿ ಕೂರಿಸಿ, ಸುತ್ತಿಗೆಯಿಂದ ನೆಟ್ಟಗೆ ಬಲವಾದ ಪೆಟ್ಟು ಹೊಡೆಯಬೇಕು. ಪ್ರಯೋಗಾಲಯದ ಅಳತೆಗಳ ಮೇಲೆ ಶಿಫಾರಸಾದ ಬಲ ಸುಮಾರು 4,000 ನ್ಯೂಟನ್. ಪೆಟ್ಟು ಮೆತ್ತಗಾದರೆ, ಓರೆಯಾದರೆ, ನಡುವೆ ಒಂದು ಹನಿ ಕೊಬ್ಬು ಉಳಿದರೆ, ಜೋಡಣೆ ಆಗ ಗಟ್ಟಿ ಎನಿಸಿದರೂ ಮಿಸುಕಾಟಕ್ಕೆ ಎಡೆ ಉಳಿಯುತ್ತದೆ.

ಬರ್ಲಿನ್ನಿನ ಜಾರ್ಜ್ ಬರ್ಗ್‌ಮನ್ ತಂಡ ಕೃತಕ ಕೀಲಿನೊಳಗೇ ಅಳತೆಯ ಸಾಧನ ಇಟ್ಟು, ನಡೆಯುವಾಗ ಸೊಂಟದ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ, ಎಡವಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಎಂದು ತೋರಿಸಿತು. ಕೀಲು ಪರೀಕ್ಷಿಸುವ ಯಂತ್ರಗಳು ಒಂದು ವರ್ಷದ ನಡಿಗೆಗೆ 10 ಲಕ್ಷ ಸುತ್ತು ಎಂದು ಲೆಕ್ಕ ಹಿಡಿಯುತ್ತವೆ. ಪ್ರತಿ ಹೆಜ್ಜೆಗೂ ಶಂಕುವಿನ ಅಂಚು ಕೆಲವು ಮೈಕ್ರೋಮೀಟರ್ ಮಿಸುಕುತ್ತದೆ, ಪೊರೆ ಕೆರೆಯುತ್ತದೆ, ಮತ್ತೆ ಕಟ್ಟುತ್ತದೆ. ಕಾರಿನ ಪಿನ್ನಿಗೆ ತಾಗುತ್ತಿದ್ದದ್ದು ಗಾಳಿ; ಇಲ್ಲಿ ತಾಗುವುದು ಉಪ್ಪು ತುಂಬಿದ ದೇಹದ್ರವ. ಸಂದಿನೊಳಗಿನ ದ್ರವದ ಆಮ್ಲಜನಕವನ್ನು ಪೊರೆ ಕಟ್ಟುವ ಕೆಲಸವೇ ಮುಗಿಸಿಬಿಡುತ್ತದೆ. ಸಂದು ಇಕ್ಕಟ್ಟಾದ್ದರಿಂದ ಹೊಸ ದ್ರವ ಒಳಬರದು. ಕರಗಿದ ಲೋಹದ ಅಯಾನುಗಳು ನೀರಿನೊಡನೆ ವರ್ತಿಸಿ ಆಮ್ಲ ಹುಟ್ಟಿಸುತ್ತವೆ, ಅವುಗಳ ಬೆನ್ನಿಗೆ ಕ್ಲೋರೈಡು ಒಳಸೇರುತ್ತದೆ. ಆಗ ಪೊರೆ ಮತ್ತೆ ಕಟ್ಟಲು ಬೇಕಾದ ಅನುಕೂಲವೇ ಇಲ್ಲವಾಗುತ್ತದೆ. ಅಮೆರಿಕದ ಜೆರೆಮಿ ಗಿಲ್ಬರ್ಟ್ ಮತ್ತು ಸಂಗಡಿಗರು ರೋಗಿಗಳಿಂದ ಹೊರತೆಗೆದ ಕೀಲುಗಳನ್ನು ಪರೀಕ್ಷಿಸಿ 1993ರಲ್ಲಿ ಈ ಸರಪಳಿಯನ್ನು ವಿವರಿಸಿದರು. ಎರಡು ಬೇರೆ ಲೋಹಗಳ ಜೋಡಿಯಲ್ಲಷ್ಟೇ ಅಲ್ಲ, ಒಂದೇ ಲೋಹದ ಜೋಡಿಯಲ್ಲೂ ತುಕ್ಕು ಇತ್ತು.

ಹೀಗೆ ತುಕ್ಕು ಹಿಡಿದ ಕೀಲನ್ನು ಬಿಚ್ಚಿದ ವೈದ್ಯರಿಗೆ ಶಂಕುವಿನ ಬುಡದಲ್ಲಿ ಕಪ್ಪು ಮಸಿ ಮೆತ್ತಿಕೊಂಡದ್ದು ಕಾಣುತ್ತದೆ. ಅದರಲ್ಲಿ ಹೆಚ್ಚಿನದು ಕ್ರೋಮಿಯಂ ಫಾಸ್ಫೇಟ್. ಕ್ರೋಮಿಯಂ ಹೀಗೆ ಗಟ್ಟಿ ಲವಣವಾಗಿ ಅಲ್ಲೇ ಕೂರುತ್ತದೆ. ಕೋಬಾಲ್ಟ್ ಕರಗಿ ರಕ್ತ ಸೇರುತ್ತದೆ. ಆದ್ದರಿಂದಲೇ ರೋಗಿಯ ರಕ್ತದಲ್ಲಿ ಕೋಬಾಲ್ಟ್ ಕ್ರೋಮಿಯಮ್ಮಿಗಿಂತ ಎದ್ದು ಕಾಣುವಷ್ಟು ಹೆಚ್ಚಿದ್ದರೆ ವೈದ್ಯರು ಶಂಕುವಿನ ಮೇಲೆ ಅನುಮಾನಪಡುತ್ತಾರೆ. ತೊಡೆಸಂದಿನ ನೋವು, ದ್ರವ ತುಂಬಿದ ಗಂಟು, ಸುತ್ತಲಿನ ಸ್ನಾಯು ಸಾಯುವುದು, ಇವು ಸ್ಥಳೀಯ ಪರಿಣಾಮಗಳು. ಎಕ್ಸ್‌ರೇಯಲ್ಲಿ ಕೀಲು ಚೆನ್ನಾಗಿಯೇ ಕೂತಂತೆ ಕಾಣಬಹುದು. ಕೋಬಾಲ್ಟ್ ತೀರಾ ಹೆಚ್ಚಾದರೆ ಹೃದಯ, ಕಿವಿ, ನರಗಳಿಗೂ ಪೆಟ್ಟು. ಅಲಾಸ್ಕಾದ ಮೂಳೆ ವೈದ್ಯ ಸ್ಟೀಫನ್ ಟವರ್ 2010ರಲ್ಲಿ ಲೋಹದ ಕೀಲಿನಿಂದ ಕೋಬಾಲ್ಟ್ ವಿಷವೇರಿದ ಇಬ್ಬರ ವಿವರ ಪ್ರಕಟಿಸಿದರು. ಆ ಇಬ್ಬರಲ್ಲಿ ಒಬ್ಬರು ಸ್ವತಃ ಅವರೇ.

ಟವರ್ ಅವರಿಗೆ ಹಾಕಿದ್ದದ್ದು ಡಿಪ್ಯು ಕಂಪನಿಯ ಎಎಸ್‌ಆರ್ ಎಂಬ ಕೀಲು. 2010ರ ಆಗಸ್ಟ್‌ನಲ್ಲಿ ಅದನ್ನು ಹಿಂಪಡೆದಾಗ ಲೋಕದಾದ್ಯಂತ ಸುಮಾರು 93,000 ಕೀಲುಗಳು ಜನರ ದೇಹದಲ್ಲಿದ್ದವು. ಭಾರತದಲ್ಲಿ ಸುಮಾರು 4,700. ಅದರಲ್ಲಿ ಮುಖ್ಯ ದೋಷ ಲೋಹದ ಗುಂಡು, ಅದು ಕೂತು ತಿರುಗುವ ಲೋಹದ ಬಟ್ಟಲಿಗೆ ಉಜ್ಜುತ್ತಿದ್ದದ್ದು. ಶಂಕುವಿನ ತುಕ್ಕು ಅದಕ್ಕೆ ಸೇರಿಕೊಂಡಿತು. ನಮ್ಮಲ್ಲಿ ಕೇಂದ್ರ ಸರ್ಕಾರ ನೇಮಿಸಿದ, ಡಾ. ಅರುಣ್ ಅಗರ್ವಾಲ್ ನೇತೃತ್ವದ ಸಮಿತಿ ವರದಿ ಕೊಟ್ಟದ್ದು 2018ರಲ್ಲಿ. ಎಂಟು ವರ್ಷ! ಆಸ್ಟ್ರೇಲಿಯಾದಲ್ಲಿ ಹಾಕಿದ ಪ್ರತಿ ಕೀಲೂ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ; ಅಲ್ಲಿಂದಲೇ ಮೊದಲ ಎಚ್ಚರಿಕೆ ಹೊರಟದ್ದು, 2009ರ ಕೊನೆಗೇ ಆ ಕೀಲು ಅಲ್ಲಿನ ಮಾರುಕಟ್ಟೆ ಬಿಟ್ಟಿತು. ಕೀಲು ಹಾಕುವ ಕೌಶಲದಲ್ಲಿ ನಮ್ಮ ವೈದ್ಯರು ಯಾರಿಗೂ ಕಡಿಮೆಯಿಲ್ಲ. ಹಾಕಿದ್ದನ್ನು ಲೆಕ್ಕ ಇಡುವುದರಲ್ಲಿ ನಾವು ಹಿಂದೆ, ಅದರ ನೋವು ಉಂಡವರು ರೋಗಿಗಳು.

ಶಂಕುವೇ ನೇರ ಆರೋಪಿಯಾದ ಪ್ರಕರಣ ಸ್ಟ್ರೈಕರ್ ಕಂಪನಿಯ ರಿಜುವನೇಟ್. ಅದರಲ್ಲಿ ಗುಂಡು ಮತ್ತು ಕಾಂಡದ ನಡುವೆ ಬಿಡಿ ಕತ್ತು ಬೇರೆ ಇತ್ತು; ಒಂದಿದ್ದ ಜೋಡಣೆ ಎರಡಾಯಿತು. ಕಾಂಡ ಸುಲಭವಾಗಿ ಬಳುಕುವ ಟೈಟಾನಿಯಂ ಮಿಶ್ರಲೋಹ, ಕತ್ತು ಬಿರುಸಾದ ಕೋಬಾಲ್ಟ್-ಕ್ರೋಮಿಯಂ. ಭಾರ ಅತಿ ಹೆಚ್ಚು ಬಾಗಿಸುವ ಜಾಗದಲ್ಲೇ ಈ ಎರಡನೆಯ ಸಂದು. ಅಮೆರಿಕದಲ್ಲಿ 2008ರಲ್ಲಿ ಅನುಮತಿ ಸಿಕ್ಕಿದ್ದು ‘ಈಗಾಗಲೇ ಇರುವ ಕೀಲುಗಳಂಥದ್ದೇ’ ಎಂಬ ಆಧಾರದ ಮೇಲೆ. 2012ರಲ್ಲಿ ಕಂಪನಿ ಅದನ್ನೂ, ಅದರ ಜೊತೆಯ ಎಬಿಜಿ 2 ಕೀಲನ್ನೂ ಸಂದಿನ ಫ್ರೆಟಿಂಗ್ ಮತ್ತು ತುಕ್ಕಿನ ಕಾರಣ ಹೇಳಿಯೇ ಹಿಂಪಡೆಯಿತು. 2014ರಲ್ಲಿ 140 ಕೋಟಿ ಡಾಲರ್ ಮೀರಿದ ಪರಿಹಾರಕ್ಕೆ ಒಪ್ಪಿತು. ವೈದ್ಯರಿಗೆ ಆಯ್ಕೆ ಹೆಚ್ಚಲಿ ಎಂದು ಸೇರಿಸಿದ ಸಂದು ಅದು. ರೈಲ್ವೆ ಎಂಜಿನಿಯರನ್ನೋ ಕನೆಕ್ಟರ್ ತಯಾರಿಸುವವರನ್ನೋ ಮೊದಲೇ ಕೇಳಿದ್ದರೆ ಆ ಜಾಗದಲ್ಲಿ ಜೋಡಣೆ ಇಡಬೇಡಿ ಎಂದೇ ಹೇಳುತ್ತಿದ್ದರು ಎನ್ನುವುದು ನನ್ನ ನಂಬಿಕೆ.

ಓದುಗರಲ್ಲಿ ಯಾರಿಗಾದರೂ ಕೃತಕ ಕೀಲು ಇದ್ದರೆ ಗಾಬರಿ ಬೇಡ. ಹೆಚ್ಚಿನ ಕೀಲುಗಳು ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಕೆಲಸ ಮಾಡುತ್ತವೆ. ಮುರಿದ ಮೂಳೆಗೆ ಹಾಕುವ ಸ್ಟೀಲಿನ ಪ್ಲೇಟ್ ಮತ್ತು ಸ್ಕ್ರೂಗಳ ನಡುವೆಯೂ ಈ ಸವೆತ ಇದೆ, ಆದರೆ ಮೂಳೆ ಕೂಡಿಕೊಂಡ ಮೇಲೆ ಭಾರ ಮೂಳೆಗೇ ಹೋಗುವುದರಿಂದ ಅದು ಅಲ್ಪ. ಡಿಸ್ಚಾರ್ಜ್ ಕಾಗದದ ಮೇಲೆ ಅಂಟಿಸಿದ ಪುಟ್ಟ ಸ್ಟಿಕ್ಕರುಗಳನ್ನು ಮಾತ್ರ ಕಳೆದುಕೊಳ್ಳಬೇಡಿ. ಯಾವ ಕಂಪನಿ, ಯಾವ ಅಳತೆ, ಯಾವ ಲಾಟ್ ನಂಬರ್ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಚೆನ್ನಾಗಿದ್ದ ಸೊಂಟದಲ್ಲಿ ವರ್ಷಗಳ ಮೇಲೆ ಹೊಸ ನೋವು ಶುರುವಾದರೆ ರಕ್ತದ ಕೋಬಾಲ್ಟ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಬಟ್ಟಲು ಪ್ಲಾಸ್ಟಿಕ್ಕಿನದಾದರೂ ಕೇಳಿ. ಅಂಥ ಕೀಲಿನ ಹತ್ತು ರೋಗಿಗಳಲ್ಲಿ ಶಂಕುವಿನ ತುಕ್ಕಿನಿಂದಲೇ ಸುತ್ತಲಿನ ಅಂಗಾಂಶ ಕೆಟ್ಟದ್ದನ್ನು ಅಮೆರಿಕದ ವೈದ್ಯರು 2012ರಲ್ಲಿ ವರದಿ ಮಾಡಿದ್ದಾರೆ.

ಗುಂಡನ್ನು ಪಿಂಗಾಣಿಯದು ಮಾಡಿದರೆ ತುಕ್ಕು ಬಹಳ ಕಡಿಮೆಯಾಗುತ್ತದೆ ಎಂಬುದು ಹೊರತೆಗೆದ ಕೀಲುಗಳ ಹೋಲಿಕೆಯಿಂದ ಗೊತ್ತಾಗಿದೆ. ಪಿಂಗಾಣಿ ಈಗಾಗಲೇ ಪೂರ್ತಿ ಆಕ್ಸೈಡು. ಇನ್ನು ಆಕ್ಸೈಡಾಗುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲ. ಕೆಟ್ಟ ಕೀಲನ್ನು ಬದಲಿಸುವಾಗಲೂ ಇದೇ ನೆರವಿಗೆ ಬರುತ್ತದೆ. ಕಾಂಡ ಮೂಳೆಯೊಳಗೆ ಬೆಸೆದುಕೊಂಡಿರುತ್ತದೆ, ಅದನ್ನು ಕೀಳಲು ತೊಡೆಮೂಳೆಯನ್ನೇ ಉದ್ದಕ್ಕೆ ಸೀಳಬೇಕಾಗಬಹುದು. ಶಂಕು ತೀರಾ ಸವೆದಿಲ್ಲವಾದರೆ ವೈದ್ಯರು ಕಾಂಡವನ್ನು ಉಳಿಸಿ, ಮಸಿ ತೊಳೆದು, ಶಂಕುವಿಗೆ ಟೈಟಾನಿಯಮ್ಮಿನ ತೆಳು ಕವಚವೊಂದನ್ನು ತೊಡಿಸಿ, ಅದರ ಮೇಲೆ ಪಿಂಗಾಣಿ ಗುಂಡು ಕೂರಿಸುತ್ತಾರೆ. ಹಾಗೆ ಮಾಡಿದರೆ ಒಂದಿದ್ದ ಸಂದು ಮತ್ತೆ ಎರಡಾಗುತ್ತದೆ ಎಂಬುದು ಅವರಿಗೂ ಗೊತ್ತು. ಮೂಳೆ ಸೀಳುವುದಕ್ಕಿಂತ ಅದು ಮೇಲು. ಕೋಬಾಲ್ಟಿನ ಗುಂಡು ಹೊರಬಂದ ಮೇಲೆ ರಕ್ತದ ಕೋಬಾಲ್ಟ್ ಇಳಿಯತೊಡಗುತ್ತದೆ. ಅಷ್ಟರೊಳಗೆ ಸೊಂಟವನ್ನು ಹಿಡಿದಿಡುವ ಸ್ನಾಯು ಸತ್ತಿದ್ದರೆ ಹೊಸ ಕೀಲು ಮತ್ತೆ ಮತ್ತೆ ಜಾರುತ್ತದೆ. ಆದ್ದರಿಂದ ಅನುಮಾನ ಬಂದ ರೋಗಿಗೆ ಲೋಹದಿಂದ ಚಿತ್ರದ ಮೇಲೆ ಬೀಳುವ ಕಲೆಯನ್ನು ತಗ್ಗಿಸುವ ಬಗೆಯ ಎಂಆರ್‌ಐ ಮಾಡಿಸಿ, ಸ್ನಾಯು ಇನ್ನೂ ಉಳಿದಿರುವಾಗಲೇ ಆಪರೇಷನ್ನಿಗೆ ಕರೆಯುತ್ತಾರೆ.